ಸ್ಪ್ಯಾನರ್ ತೂರುವಷ್ಟು ಜಾಗ

'ನಮ್ಮ ಕಾಲೇಜಿನ ವಿಶೇಷವೇನು' ಎಂದು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ತನ್ನ ವರ್ಕ್‌ಶಾಪಿನ ಸುದ್ದಿಯೇ ಇರಲಿಲ್ಲವೆಂಬ ಸಿಟ್ಟು ಮೇಸ್ತ್ರಿ ಲೈಲ್ ಟ್ರೆವೀನನಿಗೆ ಒಂಬತ್ತು ವರ್ಷವಾದರೂ ಆರಿಲ್ಲ. ಮೊಂಟಾನಾದ ಗಣಿಗುಡ್ಡದ ಮೇಲಿನ ಆ ಪುಟ್ಟ ಸರಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೇತ್ ಮುಟ್ಟದೆ ಯಾರಿಗೂ ಪದವಿಯಿಲ್ಲ. ಪ್ರಾಧ್ಯಾಪಕರೂ ನಕ್ಷೆ ಹಿಡಿದು ಅವನ ಬಾಗಿಲಲ್ಲಿ ಹುಡುಗರ ಹಿಂದೆ ಸಾಲು ನಿಲ್ಲಬೇಕು. ಲೈಲ್ ಓದಿದ್ದು ಎಂಟನೆಯ ತರಗತಿ. "ಬೋಲ್ಟ್ ಏನೋ ಚೆಂದ ಬರ್ದಿದೀರ ಡಾಕ್ಟರೇ, ತಿರುಗ್ಸೋ ಸ್ಪ್ಯಾನರ್ ಎಲ್ಲಿಂದ ತೂರ್ಸೋದು, ನನ್ನ ಮೂಗಿಂದ್ಲಾ?" ಎಂದು ಅವನು ಪ್ರಾಧ್ಯಾಪಕರ ಮೇಲೆ ಗುಡುಗಿದರೆ ಗುಡ್ಡದಾಚೆಯ ಹಸುಗಳೂ ಮೇಯುವುದನ್ನು ನಿಲ್ಲಿಸುತ್ತವೆ. ಆಮೇಲೆ ಬೈಸಿಕೊಂಡವರಿಗೇ ತನ್ನ ಮಾಂಸದ ಕಡುಬಿನಲ್ಲಿ ಅರ್ಧ ಮುರಿದು ಕೊಡುತ್ತಾನೆ. ಒಮ್ಮೆ ವೆರ್ನಾ ಎಂಬ ಮಾತು ಕಡಿಮೆಯ ಹುಡುಗಿಯ ನಕ್ಷೆಯನ್ನು ಎಲ್ಲರೆದುರು, "ಇದು ಯಾವ ಜನ್ಮಕ್ಕೂ ಕೂಡಲ್ಲ ಕಣಮ್ಮ" ಎಂದು ಎಸೆದಿದ್ದ. ಅವಳು ವಾರವಿಡೀ ಲೇತಿನ ಮುಂದೆ ನಿಂತು ನಕ್ಷೆಯಲ್ಲಿದ್ದಂತೆಯೇ ಭಾಗಗಳನ್ನು ಮಾಡಿದಳು. ಕೂದಲೆಳೆ ಸಂದಿಲ್ಲದೆ ಕೂಡಿದವು. ನಕ್ಷೆಯಲ್ಲಿನ ಹಿಂಬದಿಯ ನೋಟವನ್ನು ಮುಂಬದಿಯದೆಂದು ಓದಿದವನು ತಾನೇ ಎಂದು ಲೈಲ್‌ಗೆ ಆಗ ತಿಳಿಯಿತು. ಅವಳಿಗೆ ಮೊದಲೇ ತಿಳಿದಿತ್ತು, ಯಾರೆದುರೂ ಆಡಿಕೊಂಡಿರಲಿಲ್ಲ. ಪದವಿ ಕೊಡುವ ದಿನ "ತಪ್ಪು ನಂದೇ" ಎನ್ನಲೆಂದೇ ಟೈ ಕಟ್ಟಿಕೊಂಡು ಹೋದವನು ಅವಳೆದುರು ನಿಂತು, "ಗೌನು ಉದ್ದ ಆಯ್ತು, ಎಡವ್ಬೇಡ" ಎಂದು ಗದರಿ ಬಂದ. ಹೇಳಲು ಹೋಗಿದ್ದ ಆ ಎರಡು ಮಾತು ಅವಳನ್ನು ಇನ್ನೂ ಮುಟ್ಟಿಲ್ಲ.