ಹೂಂಗುಟ್ಟುವವರಿಲ್ಲದ ಕಾದಂಬರಿ

ಭಾನುವಾರ ಪೂಜೆಗೆ ಗಂಟೆ ಬಾರಿಸಿದ್ದಕ್ಕೆ ಕೆಳಗಿನ ಮನೆಯ ಅಜ್ಜಿ ಹತ್ತಿ ಬಂದು ಬಾಗಿಲು ತಟ್ಟಿದರು. ತುಟಿಯ ಮೇಲೆ ಬೆರಳಿಟ್ಟು ‘ರೂಹೆ’ ಎಂದರು. ರೂಹೆ ಎಂದರೆ ಸದ್ದಿಲ್ಲದಿರುವುದು. ಜರ್ಮನಿಯಲ್ಲಿ ಭಾನುವಾರವಿಡೀ ಅದೇ ಕಟ್ಟಳೆ. ಚರ್ಚಿನ ಗಂಟೆ ಮಾತ್ರ ಊರಿಗೆಲ್ಲ ಕೇಳುವಂತೆ ಮೊಳಗುತ್ತದೆ. ನಾನು ವಾದಕ್ಕೆ ಹೋಗಲಿಲ್ಲ. ಗಂಟೆಯ ನಾಲಗೆಗೆ ಅರಿವೆ ಸುತ್ತಿದೆ. ಈಗ ಮಂಗಳಾರತಿಗೆ ಬರೀ ಅಲ್ಲಾಡಿಸುತ್ತೇನೆ. ಮಲ್ಲಿಕಾರ್ಜುನನಿಗೆ ತಿಳಿಯುತ್ತದೆ ಎಂದುಕೊಂಡಿದ್ದೇನೆ.

ನಾವು ಸೊರಬದವರು. ನಮ್ಮ ಯಜಮಾನರು ನರ್ಸ್, ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಕೆಲಸ. ಮಗಳು ಸಿರಿ ಎರಡನೇ ಕ್ಲಾಸು. ನನ್ನ ತವರು ತೊಗರ್ಸಿ, ಅಕ್ಕನನ್ನು ಕೊಟ್ಟದ್ದೂ ಅದೇ ಊರಿಗೆ. ಹೊರಡುವ ದಿನ ಅಕ್ಕ ಸಂಡಿಗೆ ಪೊಟ್ಟಣಗಳ ನಡುವೆ ಒಂದು ದಪ್ಪ ಕಾದಂಬರಿ ತುರುಕಿದಳು. ತಾನು ಮೂರು ಸಲ ಶುರುಮಾಡಿ ಬಿಟ್ಟದ್ದು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜಾಗಿತ್ತು. “ಅಲ್ಲಿ ನಿಂಗೆ ಮಾತಾಡಕ್ಕೆ ಯಾರೂ ಸಿಗಲ್ಲ. ಇದನ್ನ ಓದು, ನಂಗೂ ಓದಿ ಹೇಳು” ಎಂದಳು.

ಯಾರೂ ಸಿಗಲಿಲ್ಲ, ನಿಜ. ಭಾಷೆ ಕಲಿಸುವ ಕ್ಲಾಸಿಗೆ ಸೇರಿದೆ. ಟೀಚರು ಮಾತಾಡುವಾಗ ನಾನು ನಮ್ಮ ಅಭ್ಯಾಸದಂತೆ ‘ಹೂಂ, ಹೂಂ’ ಎನ್ನುತ್ತಿದ್ದೆ. ಪ್ರತಿ ಸಲವೂ ಅವರು ಮಾತು ನಿಲ್ಲಿಸಿ, ನಾನೇನೋ ಹೇಳಲಿದ್ದೇನೆಂದು ಕಾಯುತ್ತಿದ್ದರು. ಉಳಿದವರೆಲ್ಲ ತಿರುಗಿ ನೋಡುತ್ತಿದ್ದರು. ನಮ್ಮಲ್ಲಿ ಹೂಂಗುಟ್ಟದಿದ್ದರೆ ಅಮ್ಮ ಕತೆಯನ್ನೇ ನಿಲ್ಲಿಸಿಬಿಡುತ್ತಿದ್ದಳು. ಇಲ್ಲಿ ಹೂಂಗುಟ್ಟಿದರೆ ಮಾತು ನಿಲ್ಲುತ್ತದೆ. ಬಾಯಿ ಮುಚ್ಚಿ ಕೇಳುವುದನ್ನು ಕಲಿಯಲು ನನಗೆ ಒಂದು ಚಳಿಗಾಲ ಬೇಕಾಯಿತು.

ಆದರೆ ಭಾನುವಾರ ಅಕ್ಕ ಫೋನಿನಲ್ಲಿರುತ್ತಿದ್ದಳು. ಪುರಾಣ ಓದುವವರಂತೆ ಪುಸ್ತಕಕ್ಕೆ ಕುಂಕುಮ ಹಚ್ಚಿ ಕೂರುತ್ತಿದ್ದೆ. ಕತೆಯಲ್ಲಿ ಒಬ್ಬಾತ ಅಣ್ಣನ ತಿಥಿಗೆಂದು ಊರಿಗೆ ಹೊರಡುತ್ತಾನೆ, ಎಷ್ಟು ಓದಿದರೂ ಮುಟ್ಟುವುದಿಲ್ಲ. ಒಂದು ವಾಕ್ಯ ಈ ಪುಟದಲ್ಲಿ ಶುರುವಾದರೆ ಆಚೆ ಪುಟದಲ್ಲಿ ಮುಗಿಯುತ್ತದೆ. ಮಾತಾಡುತ್ತಿರುವವನು ಬದುಕಿದವನೋ ಸತ್ತವನೋ ಗೊತ್ತಾಗದು. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅಕ್ಕ ಮಾತ್ರ ಹೂಂ ಎನ್ನುತ್ತಲೇ ಇರುತ್ತಿದ್ದಳು. ಒಮ್ಮೊಮ್ಮೆ ತಾಳ್ಮೆ ಕೆಟ್ಟು, “ಅಂವ ಊರಿಗೆ ಹೋಗ್ತಾನೋ ಇಲ್ವೋ ಅಷ್ಟ್ ಹೇಳೇ ಮಾರಾಯ್ತಿ, ಒಲೆ ಮೇಲೆ ಹಾಲಿಟ್ ಬಂದೀನಿ” ಎನ್ನುತ್ತಿದ್ದಳು.

ಪುಸ್ತಕ ಮುಕ್ಕಾಲು ಮುಗಿದಿತ್ತು. ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ನನಗೆ ಹೊರಡಲಾಗಲಿಲ್ಲ. ರಜೆಯ ಕಾಲವಲ್ಲದೆ ಮಗುವನ್ನು ಕರೆದೊಯ್ಯಲು ಶಾಲೆ ಬಿಡುವುದಿಲ್ಲ. ಯಜಮಾನರಿಗೆ ರಾತ್ರಿ ಪಾಳಿ, ಸಿರಿಯನ್ನು ಬಿಟ್ಟು ಹೋಗಲು ಇಲ್ಲಿ ನಮಗೆ ಯಾರಿದ್ದಾರೆ? ನಮ್ಮ ಸೊರಬದ ಗುಡವಿ ಕೆರೆಗೆ ವಲಸೆ ಬರುವ ಹಕ್ಕಿಗಳಿಗೆ ಇಂಥ ಶಾಲೆಯಿಲ್ಲ, ಕಾಲ ಬಂದಾಗ ಹಾರಿ ಬರುತ್ತವೆ. ಯಜಮಾನರು ಇಲ್ಲಿ ಯಾರದೋ ಅಕ್ಕಂದಿರಿಗೆ ಚಮಚೆಯಲ್ಲಿ ಗಂಜಿ ಕುಡಿಸುತ್ತಾರೆ. ಅಲ್ಲಿ ನನ್ನ ಅಕ್ಕನಿಗೆ ಸೊಸೆ ಶೋಭಾ ಕುಡಿಸುತ್ತಾಳೆ. ಕುಡಿಸಲು ಒಬ್ಬಳಾದರೂ ಇದ್ದಾಳಲ್ಲ, ಅದೊಂದು ದೇವರ ದಯೆ.

ಶೋಭಾ ಫೋನನ್ನು ದಿಂಬಿನ ಮೇಲಿಟ್ಟು, “ಕಣ್ ಬಿಟ್ಕಂಡೇ ಇರ್ತಾರೆ ಚಿಕ್ಕಮ್ಮ. ಕೇಳಸ್ತದೋ ಇಲ್ವೋ ಗೊತ್ತಾಗಲ್ಲ” ಎಂದಳು. ಯಜಮಾನರನ್ನು ಕೇಳಿದೆ. ಶೂ ದಾರ ಕಟ್ಟುತ್ತಲೇ, “ಕಿವಿ ಎಲ್ಲಕ್ಕಿಂತ ಕೊನೆಗೆ ಹೋಗೋದು. ನೀನು ಓದು” ಎಂದರು. ಹೆತ್ತವರನ್ನು ನೋಡಲು ಆಶ್ರಮಕ್ಕೆ ಬರುವ ಮಕ್ಕಳಿಗೂ ಅವರು ಇದನ್ನೇ ಹೇಳುತ್ತಾರೆ. ಅದು ನನಗೆ ಗೊತ್ತು.

ಓದುತ್ತೇನೆ. ಒಂದು ಸಾಲು ಓದಿ, ಹೂಂಗಾಗಿ ನಿಲ್ಲುತ್ತೇನೆ. ಆ ಕಡೆ ಫ್ಯಾನಿನ ಸದ್ದು, ಹಿತ್ತಿಲಲ್ಲಿ ಶೋಭಾ ಪಾತ್ರೆ ಉಜ್ಜುವ ಸದ್ದು. ಆ ದಿನದ ಓದು ಮುಗಿದ ಮೇಲೆ, ಕತೆಯಲ್ಲಿ ಮೊದಲಾದರೆ ನಾವಿಬ್ಬರೂ ಜಗಳವಾಡುತ್ತಿದ್ದಂಥ ಜಾಗಗಳ ಬಗ್ಗೆ ನಾನೊಬ್ಬಳೇ ಎರಡೂ ಕಡೆಯ ಮಾತು ಆಡುತ್ತೇನೆ. ಇನ್ನು ಕೆಲವೇ ಪುಟ ಉಳಿದಿವೆ. ಅವಳು ಕೇಳುತ್ತಿದ್ದಾಳೋ ಇಲ್ಲವೋ ತಿಳಿಯದೆ ಮುಗಿದುಹೋಗುತ್ತದಲ್ಲ ಎಂದು ಹೆದರಿಕೆ.

ಕಳೆದ ಭಾನುವಾರ ಕಾದಂಬರಿಯ ಆ ಮನುಷ್ಯ ಹೊಳೆಯ ದಡಕ್ಕೆ ಬಂದ. ಆಚೆ ದಡದಲ್ಲಿ ಊರು, ದೋಣಿಯವನಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಆ ಕಡೆ ಫ್ಯಾನು ತಿರುಗುತ್ತಿತ್ತು. ಮೇಜಿನ ಕೆಳಗೆ ಬಣ್ಣ ಹಚ್ಚುತ್ತಿದ್ದ ಸಿರಿ ತಲೆಯೆತ್ತದೆ “ಯಾ” ಎಂದಳು. ಯಾ ಎಂದರೆ ಇಲ್ಲಿ ಹೌದು. ಆ ಪುಸ್ತಕದ ಕನ್ನಡ ಅವಳಿಗೆ ಒಂದಕ್ಷರವೂ ಹತ್ತುವುದಿಲ್ಲ. ಮೊದಲಾದರೆ, ‘ಹೂಂ ಅನ್ನೇ’ ಎಂದು ಗದರುತ್ತಿದ್ದೆ. ಅವತ್ತು ಗದರಲಿಲ್ಲ. ಮುಂದಿನ ಸಾಲು ಓದಿ ನಿಂತೆ.

“ಯಾ.”

ಹಾಗೇ ಅಧ್ಯಾಯ ಮುಗಿಯಿತು. ತೊಗರ್ಸಿಯ ಆ ದಿಂಬಿನವರೆಗೂ ಅವಳ ದನಿ ಹೋಗಿರಬೇಕು. ಅಕ್ಕನಿಗೆ ಕೇಳಿಸಿದ್ದರೆ, ಯಾವ ಊರಿನ ಮಗು ಇದು ಅಂದುಕೊಂಡಳೋ ಏನೋ.