ಹಸು ತಿಂದ ಮೂಸಂಬಿ ಸಿಪ್ಪೆ

ನಮ್ಮ ಬೀದಿಯಲ್ಲಿ ಈಗ ಉಳಿದಿರುವುದು ಒಂದೇ ಹಸು. ದಾಸರಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇರುವ ಮನೆಯ ಅಕ್ಕ ಒಬ್ಬರು ಅದನ್ನು ಸಾಕಿದ್ದಾರೆ. ನಮ್ಮ ಮನೆಯ ಕಾಫಿಗೆ ಅದರದೇ ಹಾಲು. ಅಕ್ಕನ ಸಂಸಾರ ನಡೆಯುವುದೂ ಬಹುಪಾಲು ಅದರಿಂದಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಹಸುವಿಗೆ ನಾನು ವಿಷ ತಿನ್ನಿಸಿದೆನೋ ಇಲ್ಲವೋ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ಶುರುವಾದದ್ದು ನೀರಿನಿಂದ. ನಮ್ಮ ಬೋರ್‌ವೆಲ್ ನೀರು ಬೇಸಿಗೆಯಲ್ಲಿ ತೆಳು ಹಳದಿಗೆ ತಿರುಗುತ್ತದೆ. ಪೀಣ್ಯದ ಶೆಡ್ಡುಗಳಲ್ಲಿ ಕಬ್ಬಿಣಕ್ಕೆ ಹೊಳಪು ಕೊಡುವ ಕ್ರೋಮಿಯಂ ಎಂಬ ವಿಷಲೋಹ ನೆಲಕ್ಕಿಳಿದಿದೆ ಎಂಬುದು ಬೀದಿಯ ಮಾತು. ನಾನೂ ಅಲ್ಲಿನದೇ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೂತು ತಲೆ ನರೆಸಿಕೊಂಡವನು. ಬೈಯಲು ಪೂರ್ತಿ ಬಾಯಿಲ್ಲ. ಕುಡಿಯಲು ಕ್ಯಾನ್ ನೀರು ತರಿಸುತ್ತೇವೆ. ಆದರೆ ಅಮ್ಮ ಸೊಪ್ಪು ತೊಳೆಯುವುದು ಬೋರ್ ನೀರಿನಲ್ಲೇ. “ಕೊಂಡ್ಕೊಂಡ್ ತಂದ ನೀರ್ನಾಗೆ ಮಣ್ಣು ತೊಳೀತಾರೇನ್ಲಾ?” ಎನ್ನುತ್ತಾರೆ.

ಚಿಂತೆ ಮಾಡಲು ನನಗೆ ಕಾರಣ ಬೇಕಿಲ್ಲ. ಇಲ್ಲಿ ಕಾರಣವೂ ಸಿಕ್ಕಿತ್ತು. ಹಣ್ಣಿನ ಸಿಪ್ಪೆ ನೀರಿನಲ್ಲಿರುವ ಲೋಹವನ್ನು ಹಿಡಿದುಕೊಳ್ಳುತ್ತದೆ ಎಂದು ಫೋನಿನಲ್ಲಿ ಓದಿದವನೇ ಬಸ್ ಸ್ಟಾಪಿನ ಜ್ಯೂಸ್ ಅಂಗಡಿಗೆ ಹೋಗಿ ಒಂದು ಚೀಲ ಮೂಸಂಬಿ ಸಿಪ್ಪೆ ಕೇಳಿದೆ.

“ಯಾಕ್ ಸಾರ್, ಮುಖಕ್ಕೆ ಹಚ್ಕೊಳ್ಳೋಕಾ?”

“ನೀರಿಗೆ ಹಾಕೋಕೆ.”

“ಅಯ್ಯೋ, ಜ್ಯೂಸೇ ಕುಡೀರಿ ಸಾರ್!”

ಸಿಪ್ಪೆ ತಂದು ತಾರಸಿಯಲ್ಲಿ ಹರವಿದೆ. “ಬೀದಿಯವರೆಲ್ಲ ಸಂಡಿಗೆ ಒಣಗಿಸ್ತಿದಾರೆ, ನೀವು ಕಸ ಒಣಗಿಸ್ತಿದೀರಲ್ರೀ” ಎಂದಳು ಹೆಂಡತಿ. ಒಣಗಿದ ತುಂಡುಗಳನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ ನೀರಿನ ಡ್ರಮ್ಮಿಗೆ ಇಳಿಬಿಟ್ಟೆ. ಸಿಪ್ಪೆ ತನ್ನದೇ ಹಳದಿ ಬಿಟ್ಟುಕೊಂಡಿತು. ಯಾವ ಹಳದಿ ಹೋಯಿತು, ಯಾವುದು ಬಂತು ಎಂದು ಕಣ್ಣಿಗೆ ತಿಳಿಯಲಿಲ್ಲ. ನೆಂದ ಸಿಪ್ಪೆಯನ್ನು ಹಿತ್ತಲಿನ ಬೇಸಿನ್ನಿಗೆ ಸುರಿದು, ಹೊಸ ಗಂಟು ಇಳಿಸಿ, ಸಿಪ್ಪೆ ಹಾಕದ ಬೋರ್ ನೀರನ್ನೂ ಡ್ರಮ್ಮಿನ ನೀರನ್ನೂ ಎರಡು ಬಾಟಲಿಯಲ್ಲಿ ಕಾರ್ಖಾನೆಯ ಕೆಮಿಸ್ಟ್ ಹುಡುಗಿಗೆ ಕೊಟ್ಟೆ.

“ಕಮ್ಮಿ ಆಗಿದೆ ಸಾರ್. ಪೂರ್ತಿ ಹೋಗಿಲ್ಲ, ಆದ್ರೂ ಪರವಾಗಿಲ್ಲ” ಎಂದಳು ಆಕೆ. ನಾನು ಹಿಗ್ಗುವಷ್ಟರಲ್ಲಿ ಕೇಳಿದಳು: “ಆ ಲೋಹ ಈಗ ಸಿಪ್ಪೇಲಿರತ್ತಲ್ವಾ? ಸಿಪ್ಪೆ ಏನ್ ಮಾಡಿದ್ರಿ?”

ಗ್ಯಾಸ್ ಆಫ್ ಮಾಡಿದ್ದೇವೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವ ನಾನು ಇದೊಂದನ್ನು ಯೋಚಿಸಿರಲಿಲ್ಲ. ಮನೆಗೆ ಬಂದರೆ ಬೇಸಿನ್ ಖಾಲಿ.

“ಕಲಗಚ್ಚಿಗೆ ಆಕ್ದೆ ಕಣ್ಲಾ” ಎಂದರು ಅಮ್ಮ. “ಚೆಂದಾಗ್ ನೆಂದಿತ್ತು. ಅಸ ಎಂಗ್ ತಿಂತು ಅಂತೀಯ!”

ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಎಲ್ಲ ಸೇರುವ ಕಲಗಚ್ಚಿನ ಬಕೆಟ್ಟು ನಮ್ಮ ಹಿತ್ತಲಿನಲ್ಲಿ ಅಜ್ಜಿಯ ಕಾಲದಿಂದ ಇದೆ. ಸಿಪ್ಪೆ ಎಂದರೆ ಅದು ಹಸುವಿನದು. ಅಮ್ಮನಿಗೆ ಬೇರೇನು ತೋಚೀತು? ನೆಲದಾಳದಲ್ಲಿ ಚದುರಿಕೊಂಡಿದ್ದ ಲೋಹವನ್ನು ನಾನೇ ಮುತುವರ್ಜಿಯಿಂದ ಒಟ್ಟುಗೂಡಿಸಿ ಕಾಫಿ ಲೋಟದ ದಾರಿಗೆ ಹಚ್ಚಿದ್ದೆ.

“ಹೋಗಿ ಹೇಳಿ” ಎಂದಳು ಹೆಂಡತಿ. ಖಾಲಿ ಕೈಯಲ್ಲಿ ಹೋಗಲು ಧೈರ್ಯವಾಗದೆ ಹಾಲಿನ ಪಾತ್ರೆ ಹಿಡಿದುಕೊಂಡು ಹೋದೆ.

ಅಕ್ಕ ಹಾಲು ಕರೆಯುತ್ತಿದ್ದರು. ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡರು.

“ಮೇವು ತಿಂತೈತೆ, ಸಗಣಿ ಸರಿಯಾಗೈತೆ. ಇದು ಕುಡಿಯೋದೂ ಅದೇ ಬೋರ್ ನೀರು, ಮೇಯೋದೂ ಮೋರಿ ಪಕ್ಕದ ಉಲ್ಲು. ಆಗೆಲ್ಲ ಯಾರೂ ಬಂದು ಏಳ್ಲಿಲ್ವಲ್ಲಣ್ಣ.” ಆಮೇಲೆ ಮುಖ ಎತ್ತಿದರು. “ಈಗ ಆಲು ಚೆಲ್ಲು ಅಂತೀರಾ? ಇವತ್ತಿಂದು ಚೆಲ್ತೀನಿ. ನಾಳೇದು?”

ಕೆಮಿಸ್ಟಿಗೆ ಫೋನ್ ಮಾಡಿದೆ. “ಸಾರ್, ನಾನು ನೀರ್ ಟೆಸ್ಟ್ ಮಾಡೋಳು, ಹಸು ಅಲ್ಲ” ಎಂದಳು, ಪಾಪ. ದನದ ಡಾಕ್ಟರಿಗೆ ಮಾಡಿದರೆ, ಎಷ್ಟು ತಿಂತು, ಅದರಲ್ಲಿ ಎಷ್ಟಿತ್ತು ಎಂದು ಕೇಳಿದರು. ಎರಡೂ ನನಗೆ ಗೊತ್ತಿರಲಿಲ್ಲ. ಕೆಲವು ದಿನ ನೋಡಿ ಎಂದರು.

ಆ ಕೆಲವು ದಿನದ ಹಾಲನ್ನೆಲ್ಲ ನಾನೇ ಕೊಂಡೆ. ಅಕ್ಕ ಬೇಡವೆನ್ನಲಿಲ್ಲ; ನಗಲೂ ಇಲ್ಲ. ಬೆಳಿಗ್ಗೆ ಸಂಜೆ ಕ್ಯಾನು ಹೊತ್ತು ತಂದು ಬಚ್ಚಲಿನ ಮುಂದೆ ನಿಲ್ಲುತ್ತಿದ್ದೆ. ಇಲ್ಲಿ ಸುರಿದರೆ ಮೋರಿಗೆ, ಮೋರಿಯಿಂದ ನೆಲಕ್ಕೆ, ನೆಲದಿಂದ ಮತ್ತೆ ನಮ್ಮ ಬೋರಿಗೆ. ಅಮ್ಮ ಹಾಲು ಚೆಲ್ಲುವುದನ್ನು ನೋಡಲಾರದೆ ಒಳಗೆ ಹೋಗುತ್ತಿದ್ದರು. ನಾನು ಸುರಿಯುತ್ತಿದ್ದೆ.

ಹಸುವಿಗೆ ಏನೂ ಆಗಲಿಲ್ಲ, ಆದಂತೆ ಕಾಣಲಿಲ್ಲ. ಕೊನೆಗೆ ಅಕ್ಕನೇ, “ಸಾಕಣ್ಣ, ಬೇರೆ ಮನೆಯೋರೂ ಕೇಳ್ತಾವ್ರೆ” ಎಂದು ಎಂದಿನಂತೆ ಹಾಲು ಹಂಚತೊಡಗಿದರು. ನಮ್ಮ ಪಾಲನ್ನು ನಾವೂ ತಗೊಂಡೆವು. ಮೊದಲ ದಿನ ಕಾಫಿಯ ಮೇಲೆ ಕೆನೆ ಕಟ್ಟುವವರೆಗೂ ನೋಡಿ ಆಮೇಲೆ ಕುಡಿದೆ.

ಡ್ರಮ್ಮಿನಲ್ಲಿದ್ದ ಎರಡನೆಯ ಗಂಟನ್ನು ಖಾಲಿ ಪೇಂಟ್ ಡಬ್ಬಕ್ಕೆ ತುಂಬಿ, ಮುಚ್ಚಿ, ಮೇಲೊಂದು ಕಲ್ಲಿಟ್ಟಿದ್ದೇನೆ. ಕಸದ ಆಟೋದವನನ್ನು ಕೇಳಿದೆ. “ಹಸಿ ಕಸಾನಾ, ಒಣ ಕಸಾನಾ ಸಾರ್?” ಎಂದ. ಡಬ್ಬ ತಾರಸಿಯಲ್ಲೇ ಇದೆ. ಹಸು ದಿನಾ ನಮ್ಮ ಗೇಟಿನ ಮುಂದೆ ನಿಂತು, ಸಿಪ್ಪೆ ಎಲ್ಲಿ ಎಂಬಂತೆ ಕತ್ತು ಒಳಗೆ ಚಾಚುತ್ತದೆ.