ಹತ್ತು ಹೆಜ್ಜೆ ಹಿಂದೆ

ಮೂವತ್ತೊಂದು ವರ್ಷ ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ನಿವೃತ್ತಿಯ ದಿನ ಸೀಟಿಯನ್ನು ಸಾಲೆಗೆ ಒಪ್ಪಿಸಿದೆ. ಸ್ಟಾಪ್‌ವಾಚ್ ನನ್ನ ಸ್ವಂತದ್ದು, ಅದು ನನ್ನ ಜೊತೆ ಮನೆಗೆ ಬಂತು. ಸೀಟಿ ಇಟ್ಟುಕೊಂಡು ಅದನ್ನು ಕೊಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

ಬೈಲಹೊಂಗಲದಲ್ಲಿ ನಮ್ಮ ಮನೆ ದೊಡವಾಡದ ರಸ್ತೆಗೆ ಹತ್ತಿರ. ಬೆಳಿಗ್ಗೆ ಆರಕ್ಕೆ ಇಬ್ಬರೂ ಹೊರಟು, ಊರ ಹೊರಗಿನ ಹನುಮಪ್ಪನ ಕಟ್ಟೆ ಮುಟ್ಟಿ ತಿರುಗಿ ಬರುತ್ತೇವೆ. ನಾನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಮದುವೆಯಾದಾಗಿನಿಂದ ಹೀಗೇ. ನಮ್ಮವ್ವನೂ ಅಪ್ಪನ ಹಿಂದೆ ಹೀಗೇ ನಡೆದಳು. ಯಾರೂ ಹೇಳಿಕೊಟ್ಟದ್ದಲ್ಲ, ಯಾಕೆ ಎಂದು ಯಾರೂ ಕೇಳಿದ್ದೂ ಇಲ್ಲ. ತಿರುಗಿ ನೋಡುವ ರೂಢಿ ನನಗಿಲ್ಲ. ಹಿಂದೆ ಚಪ್ಪಲಿಯ ಸಪ್ಪಳ ಕೇಳುತ್ತಿದ್ದರೆ ಸಾಕು.

ಈ ಸಲ ಶಿವರಾತ್ರಿಯ ಹೊತ್ತಿಗೆ ನನ್ನ ಎಡ ಮೊಣಕಾಲು ಬಾತುಕೊಂಡಿತು. ಮಿತವಾಗಿ ನಡೆಯಿರಿ ಎಂದರು ಡಾಕ್ಟರು. ಮಗನಿಗೆ ಅಷ್ಟೇ ಸಾಕಾಯಿತು.

“ಅಪ್ಪಾ, ರಸ್ತೆ ಸಾಕು. ಇನ್ನ ಮಾಳಿಗಿ ಮ್ಯಾಲ ಅಡ್ಡಾಡ್ರಿ.”

ಮಾಳಿಗೆಯ ಮೇಲೆ ನೀರಿನ ಟಾಕಿ ಇದೆ, ಬಿಸಿಲಿಗೆ ಹಾಕಿದ ಸಂಡಿಗೆ ಇದೆ. ಟಾಕಿಯ ಸುತ್ತ ಸುತ್ತುವುದು ಗಾಣದ ಎತ್ತಿನ ಕೆಲಸ, ಡ್ರಿಲ್ ಮಾಸ್ತರನದ್ದಲ್ಲ. ವಾದ ಮಾಡಿ ಮಾಡಿ ಕೊನೆಗೆ ಒಂದು ಕರಾರಿಗೆ ಬಂದೆವು. ಒಂದು ತಾಸಿನೊಳಗೆ ಕಟ್ಟೆ ಮುಟ್ಟಿ ಬರುವವರೆಗೆ ರಸ್ತೆ, ಅದು ತಪ್ಪಿದರೆ ಮಾಳಿಗೆ. ಅಂದಿನಿಂದ ಮಗ ದಿನಾಲೂ ಏಳು ಗಂಟೆಗೆ ಬಾಗಿಲಲ್ಲಿ ನಿಂತು ಹಲ್ಲುಜ್ಜತೊಡಗಿದ. ನಾನು ಐವತ್ತೆಂಟು ನಿಮಿಷಕ್ಕೆ ಬಂದು ಮುಟ್ಟುತ್ತಿದ್ದೆ.

ಐವತ್ತೆಂಟು ನಿಮಿಷ ನನ್ನ ತಪ್ಪಲ್ಲ. ಅದೇ ಹೊತ್ತಿಗೆ ಹೆಂಡತಿಗೆ ಹೂವಿನ ಹುಚ್ಚು ಹಿಡಿದಿತ್ತು. ಬೇವಿನ ಮರದ ಹತ್ತಿರ ಬಂದರೆ ಹಿಂದಿನಿಂದ ಕೂಗು: “ರೀ, ಸ್ವಲ್ಪ ನಿಂದರ್ರಿ. ಹೂ ಎಷ್ಟ್ ಬಿಟ್ಟೈತಿ ನೋಡ್ರಿ.” ಏರು ಶುರುವಾಗುವಲ್ಲಿ ಹೊಂಗೆಯ ಮರ. ಅದರ ಕೆಳಗೆ ಹೂ ಉದುರಿ ನೆಲ ಕಾಣುತ್ತಿರಲಿಲ್ಲ, ತುಳಿಯಬಾರದಂತೆ, ಅಲ್ಲಿ ಮತ್ತೆ ನಿಲ್ಲಬೇಕು. ಏರು ಮುಗಿದಲ್ಲಿ ಹುಣಸೆ. ಅದರ ಚಿಗುರನ್ನು ಒಂದೊಂದೇ ಹರಿದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು, ದೇವರಿಗೆ ಬಿಲ್ವಪತ್ರಿ ಆರಿಸುವವರ ಹಾಗೆ. ಅಷ್ಟು ಹೊತ್ತು ನಾನು ಕಲ್ಲಿನ ಮೇಲೆ ಕುಳಿತು ಸ್ಟಾಪ್‌ವಾಚಿನ ಗುಂಡಿ ಒತ್ತಿ ಎಣಿಸುತ್ತಿದ್ದೆ. ಹೂವು, ಚಿಗುರು, ನಡುವೆ ಒಂದು ಕೋಗಿಲೆ, ಎಲ್ಲ ಕೂಡಿ ಇಪ್ಪತ್ತು ನಿಮಿಷ. “ಇಕಿ ಒಬ್ಬಾಕಿ ಇರಲಿಲ್ಲಂದ್ರ ನನ್ನದು ಬರೇ ಮೂವತ್ತೆಂಟು ನಿಮಿಷ” ಎಂದು ಸಿಕ್ಕವರಿಗೆಲ್ಲ ಹೇಳಿದೆ. ಅವಳ ಎದುರಿಗೂ ಹೇಳಿದೆ. ಅವಳು ಚಿಗುರು ಸೋಸುತ್ತ ಕುಳಿತಿದ್ದಳು.

ಯುಗಾದಿ ಮುಗಿದ ಮೇಲೆ ಮನೋಳಿಯಲ್ಲಿರುವ ಅವಳ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ಹೆಂಡತಿ ಆರು ದಿನಕ್ಕೆ ಹೋದಳು. ಬಸ್ಸು ಹತ್ತಿಸಿ ಬಂದು, ಕ್ಯಾನ್ವಾಸ್ ಬೂಟಿಗೆ ಹೊಸ ಲಾಡಿ ಹಾಕಿದೆ.

ಮರುದಿನ ಸಾಲೆಯ ಮೈದಾನದಲ್ಲಿ ಹೊರಡುವಂತೆ ಹೊರಟೆ. ಎರಡೂ ಕಡೆ ಎರೆಹೊಲಗಳು ರಾಶಿ ಮುಗಿಸಿ ಬರಿದಾಗಿದ್ದವು, ರಸ್ತೆ ತಂಪಾಗಿತ್ತು. ನಿಲ್ಲಿಸುವವರು ಯಾರೂ ಇರಲಿಲ್ಲ. ಬೇವಿನ ಮರದ ಹತ್ತಿರ ಮೊಣಕಾಲು ಹಿಡಿಯಿತು. ತಿಕ್ಕಿಕೊಂಡು ಮುಂದೆ ಹೋದೆ. ಹೊಂಗೆಯ ಕೆಳಗೆ ಮತ್ತೆ ಹಿಡಿಯಿತು. ಹುಣಸೆಯ ಹತ್ತಿರದ ಕಲ್ಲಿನ ಮೇಲೆ ಕುಳಿತವನಿಗೆ ಬೇಗ ಏಳಲಾಗಲಿಲ್ಲ. ಮನೆ ಮುಟ್ಟಿದಾಗ ಒಂದು ತಾಸು ಒಂಬತ್ತು ನಿಮಿಷ. ಪುಣ್ಯಕ್ಕೆ ಮಗ ಸ್ನಾನಕ್ಕೆ ಹೋಗಿದ್ದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಸ್ಟಾಪ್‌ವಾಚನ್ನು ಬಜಾರಿನ ಗಡಿಯಾರ ರಿಪೇರಿಯ ಸಾಹೇಬರ ಹತ್ತಿರ ಒಯ್ದೆ. ಅವರು ಬಿಚ್ಚಿದರು, ನೋಡಿದರು, ಮುಚ್ಚಿದರು.

“ಮಾಸ್ತರ, ಇದಕ್ಕೇನೂ ಆಗಿಲ್ರಿ. ನಿಮಗೇನರ ಆಗೇತೇನು ನೋಡ್ರಿ.”

ಎರಡನೆಯ ದಿನ ಮಗ ಏಳುವ ಮೊದಲೇ ಹೊರಟು ನಿಧಾನವಾಗಿ ಹೋದೆ. ಮೊಣಕಾಲು ಹಿಡಿದದ್ದು ಬೇವಿನ ಹತ್ತಿರ, ಹೊಂಗೆಯ ಹತ್ತಿರ, ಹುಣಸೆಯ ಹತ್ತಿರ. ಒಂದು ಮರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹುಣಸೆಯ ಕೆಳಗಿನ ಕಲ್ಲಿನ ಮೇಲೆ ಕುಳಿತಾಗ ತಿಳಿಯಿತು. ಇಷ್ಟು ದಿನ ನಾನು ಅವಳಿಗಾಗಿ ಕಾಯುತ್ತಿದ್ದೇನೆ ಎಂದುಕೊಂಡದ್ದು ಇದೇ ಕಲ್ಲಿನ ಮೇಲೆ. ನಾಚಿಕೆಯಾಯಿತು. ಸ್ವಲ್ಪ ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಉಳಿದ ದಿನ ನನಗೆ ನೆಗಡಿ ಎಂದು ಮಗನಿಗೆ ಹೇಳಿ ಮನೆಯಲ್ಲೇ ಉಳಿದೆ.

ಅವಳು ಬಂದ ದಿನ ಸಂಜೆ ಕೇಳಿಯೇಬಿಟ್ಟೆ.

“ನಿನಗ ಹೂವಿನ ಹುಚ್ಚು ಯಾವಾಗಿಂದ?”

ಅವಳು ಚೀಲದಿಂದ ಮನೋಳಿಯ ಬದನೆಕಾಯಿ ತೆಗೆದಿಡುತ್ತಿದ್ದಳು.

“ಅರವತ್ತೈದು ವರ್ಷದಿಂದ ಬೇವಿನ ಹೂ ನೋಡಾಕ ಹತ್ತೇನಿ. ಅದರಾಗ ಹೊಸಾದೇನೈತಿ?”

“ಮತ್ತ ಯಾಕ ನಿಂದರತಿದ್ದಿ?”

“ಹಿಂದ ಇದ್ದವರಿಗೆ ಮುಂದಿನವರ ಕಾಲು ಕಾಣಸ್ತಾವ್ರಿ. ನೀವು ಎಡಗಾಲು ಎಳ್ಯಾಕ ಹತ್ತಿದ್ರ ನನಗ ಹೂವು ಕಾಣಸ್ತಾವು.” ಚೀಲ ಕೊಡವಿ ಹೇಳಿದಳು, “ನೀವು ಮಾಳಿಗಿ ಹತ್ತಿದ್ರ ನನ್ನ ಸಂಡಿಗಿಗೂ ಡ್ರಿಲ್ ಮಾಡಸ್ತೀರಿ.”

ನಾನು ಒಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದೆ. ಬದನೆಕಾಯಿ ಚೆನ್ನಾಗಿದ್ದವು.

ಮರುದಿನ ಎಂದಿನಂತೆ ಹೊರಟೆವು. ಮೂರೂ ಮರಗಳ ಹತ್ತಿರ ಅವಳು ಕರೆದಳು, ನಾನು ನಿಂತೆ. ಬೇವಿನ ಹೂವನ್ನು ಮೊದಲ ಸಲ ತಲೆಯೆತ್ತಿ ನೋಡಿದೆ. ಬಹಳ ಸಣ್ಣದು. ಕಟ್ಟೆ ಮುಟ್ಟಿ ತಿರುಗುವಾಗ ಹೇಳಿದೆ:

“ಈಗ ನೀ ಮುಂದ ನಡಿ.”

“ಮಂದಿ ನೋಡಿದ್ರ ಏನಂದಾರು?”

“ಹಾದ್ಯಾಗ ಮಂದಿ ಎಲ್ಲಿ ಅದಾರ? ಎಮ್ಮಿ ಅದಾವು. ನಡಿ.”

ಅವಳು ಮುಂದಾದಳು. ನಲವತ್ನಾಲ್ಕು ವರ್ಷದಲ್ಲಿ ಅವಳು ನಡೆಯುವುದನ್ನು ನಾನು ಹಿಂದಿನಿಂದ ನೋಡಿರಲಿಲ್ಲ. ಬಲಗಾಲಿನ ಚಪ್ಪಲಿ ಒಂದೇ ಮಗ್ಗುಲಿಗೆ ಸವೆದುಹೋಗಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳು ಬಲಕ್ಕೆ ವಾಲತೊಡಗಿದಳು. ಆಮೇಲೆ ಒಂದು ಕೈ ಸೊಂಟದ ಮೇಲೆ ಹೋಯಿತು, ಅಲ್ಲೇ ಉಳಿಯಿತು. ಇದು ಯಾವಾಗಿನಿಂದಲೋ ನನಗೆ ಗೊತ್ತಿಲ್ಲ. ನನ್ನ ಮೊಣಕಾಲು ಇಡೀ ಊರಿಗೆ ಗೊತ್ತು. ಕೈಯಲ್ಲಿದ್ದ ಸ್ಟಾಪ್‌ವಾಚ್ ಐವತ್ತು ನಿಮಿಷ ತೋರಿಸುತ್ತಿತ್ತು, ಮಗ ಬಾಗಿಲಿಗೆ ಬರಲು ಇನ್ನು ಹತ್ತೇ ನಿಮಿಷ.

“ಏ, ಸ್ವಲ್ಪ ನಿಂದರು,” ಎಂದೆ. “ಹೂ ಎಷ್ಟ್ ಬಿಟ್ಟೈತಿ ನೋಡು.”

ಅಲ್ಲಿ ಮರ ಇರಲಿಲ್ಲ. ಕರೆಂಟಿನ ಕಂಬ ಇತ್ತು.

ಅವಳು ನಿಂತಳು. ಸೊಂಟದ ಮೇಲಿನ ಕೈ ತೆಗೆಯದೆ, ತಲೆಯೆತ್ತಿ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದಳು.

“ಹೌದ್ರಿ,” ಎಂದಳು. “ಈ ವರ್ಷ ಚಲೋ ಬಿಟ್ಟೈತಿ.”